ಮಂಚದ ಕೆಳಗೆ 500 ಪುಸ್ತಕ

ಕಳೆದ ವರ್ಷ ಯುಗಾದಿಗೆ ಎರಡು ದಿನ ಮುಂಚೆ ಬೆಂಗಳೂರಿನ ನಮ್ಮ ಬಾಡಿಗೆ ಮನೆಗೆ ಹತ್ತು ರಟ್ಟಿನ ಡಬ್ಬ ಬಂದಿಳಿದವು. ಒಳಗೆ ನನ್ನ ಮೊದಲ ಕಥಾಸಂಕಲನ, 500 ಪ್ರತಿ. ಪ್ರಕಾಶಕರ ಉತ್ತರಕ್ಕೆ ಎಂಟು ತಿಂಗಳು ಕಾದು, ಕೊನೆಗೆ ಆಫೀಸಿನ ಬೋನಸ್ ದುಡ್ಡಲ್ಲಿ ನಾನೇ ಅಚ್ಚು ಹಾಕಿಸಿದ್ದೆ. ಪುಸ್ತಕ ಮಾಡೋದೇ ದೊಡ್ಡ ಕೆಲಸ ಅಂದ್ಕೊಂಡಿದ್ದೆ. ನಿಜ ಹೇಳಬೇಕಂದ್ರೆ ಅದು ಸಲೀಸು. ಐಎಸ್‌ಬಿಎನ್ ಸಂಖ್ಯೆ ಸರ್ಕಾರದಿಂದ ಉಚಿತವಾಗಿ ಸಿಗುತ್ತೆ, ಪುಟ ವಿನ್ಯಾಸ ಕಲಿಯೋಕೆ ಯೂಟ್ಯೂಬ್ ಇದೆ, ಪ್ರಿಂಟರ್ ಹತ್ತು ದಿನದಲ್ಲಿ ಕೈಗಿಡುತ್ತಾರೆ. ಕಷ್ಟ ಶುರುವಾಗೋದು ಡಬ್ಬಗಳನ್ನು ಮಂಚದ ಕೆಳಗೆ ತಳ್ಳಿದ ಮೇಲೆ.

ಅವತ್ತು ರಾತ್ರಿ ಕೂತು 23 ವಾಟ್ಸಾಪ್ ಗ್ರೂಪಿಗೆ ಒಂದೇ ಮೆಸೇಜ್ ಹಾಕಿದೆ. ಕಾಲೇಜು ಬ್ಯಾಚು, ಅಪಾರ್ಟ್‌ಮೆಂಟು, ಭಾನುವಾರದ ಕ್ರಿಕೆಟ್ ತಂಡ, ಹಳೇ ಕಂಪನಿಯ ಗ್ರೂಪು, ಯಾವುದನ್ನೂ ಬಿಡಲಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡರಲ್ಲೂ ಮುಖಪುಟದ ಫೋಟೋ ಏರಿಸಿದೆ. ಬೆಳಿಗ್ಗೆ ಎದ್ದು ನೋಡಿದ್ರೆ ಲೈಕುಗಳ ಮಳೆ, "ಕಂಗ್ರಾಟ್ಸ್ ಮಗಾ"ಗಳ ಸಾಲು. ಒಂದು ತಿಂಗಳಲ್ಲಿ ಮಾರಾಟವಾಗಿದ್ದು 31 ಪ್ರತಿ. ಅದರಲ್ಲಿ 20 ಸಂಬಂಧಿಕರು.

ಲೆಕ್ಕಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಒಂದು ಉತ್ತರ. ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದ ಗೆಳೆಯ ಬರೆದಿದ್ದ: "ಮೂರು ವರ್ಷ ಆದ್ಮೇಲೆ ನಿನ್ನ ಮೆಸೇಜು ಅಂತ ಖುಷಿಯಿಂದ ತೆಗೆದೆ ಮಗಾ. ನೋಡಿದ್ರೆ ಲಿಂಕು." ಅವನ ಅಪ್ಪ ತೀರಿಕೊಂಡು ಆಗ ಎರಡು ತಿಂಗಳಾಗಿತ್ತಂತೆ. ನನಗೆ ಗೊತ್ತೇ ಇರಲಿಲ್ಲ.

ನಾಚಿಕೆಯಾಯ್ತು. ಆದ್ರೆ ಇಂಜಿನಿಯರ್ ಬುದ್ಧಿ ಎಲ್ಲಿಗೆ ಹೋಗುತ್ತೆ? ತಪ್ಪನ್ನೆಲ್ಲ ತಾಂತ್ರಿಕ ಅಂದ್ಕೊಂಡು ಬಗ್ ಹುಡುಕೋಕೆ ಕೂತೆ. ಸಿಕ್ಕವು ಕೂಡ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದ್ರೆ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜು ತಲುಪುತ್ತೆ. ನನ್ನ ಪಟ್ಟಿಯ ಅರ್ಧ ಜನಕ್ಕೆ ಅದು ಹೋಗಿಯೇ ಇರಲಿಲ್ಲ. ಇನ್‌ಸ್ಟಾಗ್ರಾಮ್ ಪೋಸ್ಟಿನ ಬರಹದಲ್ಲಿ ಹಾಕಿದ ಲಿಂಕನ್ನು ಒತ್ತಿದರೆ ಎಲ್ಲಿಗೂ ಹೋಗಲ್ಲ. ಪ್ರೊಫೈಲಿನಲ್ಲಿ ಇಡಬೇಕು, ಇಲ್ಲವೇ ಸ್ಟೋರಿಯಲ್ಲಿ ಸ್ಟಿಕ್ಕರ್ ಅಂಟಿಸಬೇಕು. ಸಾಫ್ಟ್‌ವೇರ್‌ನಲ್ಲಿ ಎಂಟು ವರ್ಷ ಕಳೆದವನು ಮೂರು ವಾರ ಸತ್ತ ಲಿಂಕ್ ಇಟ್ಕೊಂಡು ಆರ್ಡರ್ ಬರಲಿ ಅಂತ ಕಾದಿದ್ದೆ! ಎಲ್ಲ ಸರಿ ಮಾಡಿದೆ. ಮುಂದಿನ ತಿಂಗಳು 9 ಪ್ರತಿ ಹೋದವು.

ಊರಿಗೆ ಹೋದಾಗ ಅವ್ವನ ಮುಂದೆ ಗೋಳು ಹೇಳಿಕೊಂಡೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ತುಂಬು, ಅಂದ್ರೆ ತೊಟ್ಟು, ಬಿಡಿಸೋ ಕೆಲಸಕ್ಕೆ ವರ್ಷಗಟ್ಟಲೆ ಹೋದವಳು ಅವಳು. ನನ್ನ ಫೀಸಿನ ಒಂದು ಪಾಲು ಅಲ್ಲಿಂದಲೇ ಬಂತು. ನನ್ನ ಕಥೆಗಳೂ ಅಲ್ಲಿಂದಲೇ ಬಂದಿದ್ದು. ಅವಳು ಕೇಳಿದ್ದು ಇಷ್ಟೇ: "ಲಗ್ನಕ್ಕ ಕರೆಯೂದು ಹಿಂಗೇನೊ? ಚೌಕದಾಗ ನಿಂತು ಎಲ್ಲಾರೂ ಬರ್ರಿ ಅಂತ ಒದರಿದ್ರ ಯಾರು ಬರ್ತಾರ? ಮನಿಗೆ ಹೋಗಬೇಕು, ಕುಂದ್ರಬೇಕು, ಅವರ ಸುಖ ದುಃಖ ಕೇಳಬೇಕು. ಆಮ್ಯಾಲೆ ಅಕ್ಕಿಕಾಳು ಕೊಟ್ಟು ಕರೀಬೇಕು."

ಬಗ್ ಅಲ್ಲಿತ್ತು. ನಾನು 23 ಮನೆ ಬಾಗಿಲಲ್ಲಿ ಕೂಗಿದ್ದೆ, ಒಂದರ ಒಳಗೂ ಕೂತಿರಲಿಲ್ಲ.

ನಮ್ಮ ಜಿಲ್ಲೆಯ ಗಳಗನಾಥರ ನೆನಪಾಯ್ತು. 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೊ ಕುಲಕರ್ಣಿ. ಕನ್ನಡಕ್ಕೆ ಕಾದಂಬರಿ ಓದುಗರೇ ಕಡಿಮೆ ಇದ್ದ ಕಾಲದಲ್ಲಿ ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಶಾಲೆಯಲ್ಲಿ ಇದನ್ನ ಓದುವಾಗ 'ಪಾಪ' ಅನಿಸಿತ್ತು. ಈಗ ಬೇರೆಯದೇ ಕಾಣುತ್ತೆ. ಅವರು 'ಸದ್ಬೋಧ ಚಂದ್ರಿಕೆ' ಪತ್ರಿಕೆಯನ್ನೂ ನಡೆಸುತ್ತಿದ್ದರು. ಪತ್ರಿಕೆ ಮನೆಮನೆಗೆ ಹೋಗಿ ಓದುಗರನ್ನು ಮಾಡಿತ್ತು. ಇವತ್ತು ನಾವು ಕಮ್ಯೂನಿಟಿ ಅಂತ ಕರೆಯೋದನ್ನ ಅವರು ಕಾಲ್ನಡಿಗೆಯಲ್ಲಿ ಕಟ್ಟಿದ್ದರು.

ನಮ್ಮ ಕಾಲದ ಉದಾಹರಣೆ ಬೇಕಾ? 'ದಿ ಮಾರ್ಷಿಯನ್' ಸಿನಿಮಾ ನೋಡಿರ್ತೀರಿ. ಆ ಕಾದಂಬರಿ ಬರೆದ ಆ್ಯಂಡಿ ವಿಯರ್ ಕೂಡ ಪ್ರೋಗ್ರಾಮರ್ರೇ. ಅಧ್ಯಾಯಗಳನ್ನು ಒಂದೊಂದಾಗಿ ತನ್ನ ವೆಬ್‌ಸೈಟಿನಲ್ಲಿ ಪುಕ್ಕಟೆ ಹಾಕುತ್ತಿದ್ದರು. ವಿಜ್ಞಾನದ ತಪ್ಪುಗಳನ್ನು ಓದುಗರು ಎತ್ತಿ ತೋರಿಸುತ್ತಿದ್ದರು, ಅವರು ತಿದ್ದುತ್ತಿದ್ದರು. ಕಿಂಡಲ್‌ನಲ್ಲಿ ಕೊಡಿ ಅಂತ ಕೇಳಿದ್ದೂ ಆ ಓದುಗರೇ. 2011ರಲ್ಲಿ ಅಲ್ಲಿ ಇಟ್ಟ ಬೆಲೆ 99 ಸೆಂಟ್. ಜನ ಅದನ್ನ ಮುಗಿಬಿದ್ದು ಕೊಂಡಮೇಲೆ ದೊಡ್ಡ ಪ್ರಕಾಶಕರು ಬಂದರು, 2015ರಲ್ಲಿ ಸಿನಿಮಾ ಆಯ್ತು. ನಮಗೆಲ್ಲ ಆ ಥರ ಅದೃಷ್ಟ ಖುಲಾಯಿಸಲ್ಲ, ಬಿಡಿ. ಗಮನಿಸಬೇಕಾದ್ದು ಅನುಕ್ರಮವನ್ನ: ಮೊದಲು ಓದುಗರು, ಆಮೇಲೆ ಬೆಲೆಚೀಟಿ.

ನಾನು ಎರಡು ತಿಂಗಳು ಪುಸ್ತಕದ ಮಾತೇ ಎತ್ತಲಿಲ್ಲ. ನಮ್ಮ ಕಡೆಯವರೇ ಇರೋ ಒಂದು ಫೇಸ್‌ಬುಕ್ ಗುಂಪಿನಲ್ಲಿ ಮೆಣಸಿನಕಾಯಿ ಬಗ್ಗೆ ಬರೆದೆ. ಗಿಡ್ಡ ದಪ್ಪ 'ಡಬ್ಬಿ', ಉದ್ದ ತೆಳು 'ಕಡ್ಡಿ', ಇವೆರಡರಲ್ಲಿ ನಿಮ್ಮನೆ ಖಾರದಪುಡಿಗೆ ಯಾವುದು ಅಂತ ಕೇಳಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಬಂದಿದ್ದನ್ನ ಬರೆದೆ. ಒಂದು ಸಲ ಅವ್ವನ ಬೆರಳುಗಳ ಫೋಟೋ ಹಾಕಿ, ಸಂಜೆ ಉರಿ ತಗ್ಗೋಕೆ ಅವಳು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದುದನ್ನ ನಾಲ್ಕು ಸಾಲಲ್ಲಿ ಬರೆದೆ. ಅವತ್ತು ರಾತ್ರಿ ಕಾಮೆಂಟುಗಳು ನಿಲ್ಲಲಿಲ್ಲ. "ನಮ್ಮವ್ವಂದೂ ಹಿಂಗ ಇತ್ತು" ಅಂತ ದುಬೈಯಿಂದ ಒಬ್ಬರು, ಪುಣೆಯಿಂದ ಒಬ್ಬರು. "ಇದನ್ನ ಪುಸ್ತಕ ಮಾಡ್ರಿ" ಅಂದವರಿಗೆ ಮಾತ್ರ, ಮಾಡಿದ್ದೇನೆ ಅಂತ ಹೇಳಿದೆ. ಆ ವಾರ 64 ಪ್ರತಿ ಹೋದವು.

ಅಲ್ಲಿಯವರೆಗೆ ನಾನು 'ಕನ್ನಡ ಓದುಗರು' ಅನ್ನೋ ದೊಡ್ಡ ಗುಂಪನ್ನ ಹುಡುಕ್ತಾ ಇದ್ದೆ. ನನ್ನ ಓದುಗರು ಇದ್ದದ್ದು ಮೆಣಸಿನಕಾಯಿ ಘಾಟು ಗೊತ್ತಿರೋರ ನಡುವೆ. ನಿಮ್ಮ ಪುಸ್ತಕ ಚಾರಣದ ಬಗ್ಗೆ ಇದ್ರೆ ಚಾರಣಿಗರ ಗುಂಪಿಗೆ ಹೋಗಿ, ಅಜ್ಜಿ ಅಡುಗೆ ಬಗ್ಗೆ ಇದ್ರೆ ಅಡುಗೆಯವರ ನಡುವೆ ಕೂತ್ಕೊಳ್ಳಿ.

ಇನ್ನು ಕೆಲವು ಪಾಠ, ನಿಮಗೂ ಬೇಕಾದೀತು. ಒಂದೊಂದು ಜಾಗಕ್ಕೂ ಬೇರೆ ಬೇರೆ ಗೂಗಲ್ ಫಾರ್ಮ್ ಇಡಿ, ಆರ್ಡರ್ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗುತ್ತೆ. ನನಗೆ ಇನ್‌ಸ್ಟಾಗ್ರಾಮಿನಲ್ಲಿ ಲೈಕು ಹೆಚ್ಚು, ಫೇಸ್‌ಬುಕ್ ಗುಂಪಿನಲ್ಲಿ ಆರ್ಡರ್ ಹೆಚ್ಚು. ಬೆಲೆ ಇಡುವಾಗಲೇ ಅಂಚೆ ಖರ್ಚು, ಕವರು ಎರಡನ್ನೂ ಕೂಡಿಸಿಕೊಳ್ಳಿ. ನಾನು ಮರೆತು ಮೊದಲ 40 ಪ್ರತಿಗೆ ಕೈಯಿಂದ ಹಾಕಿದ್ದೇನೆ. ಗೆಳೆಯರಿಂದ, ಮನೆಯವರಿಂದ ಅಮೆಜಾನ್‌ನಲ್ಲಿ ಐದು ಸ್ಟಾರ್ ಹಾಕಿಸಬೇಡಿ. ಅವರ ನಿಯಮದಲ್ಲೂ ಅದಕ್ಕೆ ಜಾಗ ಇಲ್ಲ, ಓದುಗರೂ ದಡ್ಡರಲ್ಲ. ನಿಮ್ಮ ಪುಸ್ತಕದ ಬಗ್ಗೆ ಒಂದು ಪೋಸ್ಟ್ ಹಾಕೋ ಮುಂಚೆ ಬೇರೆಯವರ ನಾಲ್ಕು ಪುಸ್ತಕ ಕೊಂಡು, ಓದಿ, ಮನಸ್ಸಿಟ್ಟು ಬರೀರಿ. ಹೀಗೆ ಬರೆದಾಗಲೇ ನನಗೆ ಮೂವರು ಲೇಖಕರ ಪರಿಚಯವಾಗಿದ್ದು. ಈಗ ಪುಸ್ತಕ ಮೇಳದಲ್ಲಿ ನಾಲ್ವರೂ ಸೇರಿ ಒಂದೇ ಮಳಿಗೆ ಹಿಡಿಯೋ ಯೋಚನೆ ಇದೆ.

ಇವತ್ತಿನ ಲೆಕ್ಕ: 347 ಪ್ರತಿ ಹೋಗಿವೆ, 153 ಮಂಚದ ಕೆಳಗಿವೆ. ಅಚ್ಚಿನ ದುಡ್ಡು ವಾಪಸ್ ಬಂದಿದೆ. ಬರೆದ ರಾತ್ರಿಗಳ ಲೆಕ್ಕ ಹಾಕಿಲ್ಲ.

ಆ ಹಾಸ್ಟೆಲ್ ಗೆಳೆಯನ ಮನೆಗೆ ಹೋಗಿದ್ದೆ. ಅವನ ಅಮ್ಮ ಅವಲಕ್ಕಿ ಕೊಟ್ಟರು, ಅಪ್ಪನ ಕೊನೆಯ ದಿನಗಳ ಬಗ್ಗೆ ಹೇಳಿದರು. ಬ್ಯಾಗಿನಲ್ಲಿ ಎರಡು ಪ್ರತಿ ಇದ್ದವು. ಅಭ್ಯಾಸಬಲದಿಂದ ಹಾಕ್ಕೊಂಡಿದ್ದೆ. ತೆಗೆಯಲಿಲ್ಲ. ಅವನು ಇವತ್ತಿಗೂ ನನ್ನ ಪುಸ್ತಕ ಕೊಂಡಿಲ್ಲ, ನಾನು ಕೇಳಿಯೂ ಇಲ್ಲ. ಆದ್ರೆ ಈಗ ವಾರಕ್ಕೊಮ್ಮೆ ಫೋನ್ ಮಾಡ್ತೀವಿ.