‘ಫಿಟ್ ಆಗಲ್ಲ’ ಅಂದ್ರೆ ಏನು ಸ್ವಾಮಿ?

ಗೆಳೆಯರೇ, ಲಾರೆನ್ ರಿವೇರಾ ಅನ್ನೋ ಹೆಸರನ್ನ ನಮ್ಮ ಸಭೆಗಳಲ್ಲಿ ಯಾರೂ ಎತ್ತಿದ್ದು ನಾನು ಕೇಳಿಲ್ಲ. ಎತ್ತಬೇಕು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕೆಲಾಗ್ ಬಿಸಿನೆಸ್ ಸ್ಕೂಲಿನಲ್ಲಿ ಪ್ರೊಫೆಸರ್. ಓದಿದ್ದು ಯೇಲ್, ಹಾರ್ವರ್ಡ್. ಅಂದ್ರೆ ಆ ಮನೆಯ ಒಳಗಿನವರೇ. ಆದರೆ ಅವರು ಕೈಗೆತ್ತಿಕೊಂಡ ಪ್ರಶ್ನೆ ನಮ್ಮದು: ದೊಡ್ಡ ಸಂಬಳದ ಕೆಲಸ ಯಾರಿಗೆ ಸಿಗುತ್ತೆ, ಯಾಕೆ ಸಿಗುತ್ತೆ?

ದೊಡ್ಡ ಬ್ಯಾಂಕು, ಲಾ ಫರ್ಮು, ಕನ್ಸಲ್ಟಿಂಗ್ ಕಂಪನಿಗಳಲ್ಲಿ ಜನರನ್ನು ಆರಿಸುವ 120 ಮಂದಿಯನ್ನು ಮಾತಾಡಿಸಿದರು. ಒಂದು ಕಂಪನಿಯ ನೇಮಕಾತಿ ವಿಭಾಗದಲ್ಲೇ 9 ತಿಂಗಳು ಇದ್ದು ನೋಡಿದರು. ಇಂಟರ್‌ವ್ಯೂನಲ್ಲಿ ಎಲ್ಲಕ್ಕಿಂತ ಮುಖ್ಯ ಯಾವುದು ಅಂದ್ರೆ, ಅರ್ಧಕ್ಕಿಂತ ಹೆಚ್ಚು ಜನ ಹೇಳಿದ್ದು ‘ಫಿಟ್’. ಅಂದ್ರೆ ನನ್ನ ಥರ ಆಟ ಆಡಿದವನು, ನನ್ನ ಥರ ಊರು ಸುತ್ತಿದವನು. 2015ರಲ್ಲಿ ಬಂದ ಅವರ ಪುಸ್ತಕದ ಹೆಸರೇ ‘ಪೆಡಿಗ್ರಿ’. ನಮ್ಮ ಕಡೆ ಆ ಪದ ಕೇಳೋದು ನಾಯಿ ಕೊಳ್ಳುವಾಗ.

ಮರುವರ್ಷ ತಿಲ್ಚಿಕ್ ಎಂಬ ಪ್ರೊಫೆಸರ್ ಜೊತೆ ಸೇರಿ ಲಾ ಫರ್ಮುಗಳ 316 ಕಚೇರಿಗೆ ಸುಳ್ಳು ಅರ್ಜಿ ಕಳಿಸಿದ ಅಧ್ಯಯನ ಪ್ರಕಟಿಸಿದರು. ಒಂದೇ ಲಾ ಕಾಲೇಜು, ಒಂದೇ ಮಾರ್ಕು. ಹವ್ಯಾಸ ಮಾತ್ರ ಬೇರೆ. ಹಾಯಿದೋಣಿ, ಪೋಲೋ ಅಂತ ಬರೆದ ಗಂಡಸಿಗೆ ನೂರಕ್ಕೆ 16ರಷ್ಟು ಕರೆ ಬಂತು. ಓಟ, ಫುಟ್‌ಬಾಲ್ ಅಂತ ಬರೆದವನಿಗೆ ನೂರಕ್ಕೆ ಒಂದು! ಶ್ರೀಮಂತರ ಮನೆ ಹೆಣ್ಣುಮಕ್ಕಳಿಗೂ ಆ ಲಾಭ ಸಿಗಲಿಲ್ಲ. ಮಕ್ಕಳಾದ ಮೇಲೆ ಕೆಲಸ ಬಿಡ್ತಾರೆ ಎಂಬ ಅನುಮಾನ.

ಇಲ್ಲಿ ಪೋಲೋ ಬೇಕಿಲ್ಲ, ಅಡ್ಡಹೆಸರು ಸಾಕು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲೇ ತೋರಿಸಿದರು: ಅದೇ ಓದು ಇದ್ದರೂ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಒಂದು ಪಾಲು ಕಮ್ಮಿ. ಅದೇ ವರ್ಷ ಜೋಧ್ಕಾ ಮತ್ತು ನ್ಯೂಮನ್ ಎಚ್‌ಆರ್‌ಗಳನ್ನು ಕೇಳಿದಾಗ ಅವರು ‘ಫ್ಯಾಮಿಲಿ ಬ್ಯಾಕ್‌ಗ್ರೌಂಡ್’ ನೋಡ್ತೀವಿ ಅಂದರು.

ನನಗೂ ಕೇಳಿದ್ದರು. ಬಿಎ ಮುಗಿಸಿ ಒಂದು ಖಾಸಗಿ ಕಂಪನಿಗೆ ಹೋಗಿದ್ದೆ. ಟೈಪಿಂಗ್ ನೋಡಿ ತಲೆಯಾಡಿಸಿದರು. ಆಮೇಲೆ ‘ಅಪ್ಪ ಏನ್ಮಾಡ್ತಾರೆ? ಊರಲ್ಲಿ ಮನೆ ಯಾವ ಕಡೆ?’ ಕೂಲಿ ಸಾರ್, ಊರಾಚೆ ಅಂದೆ. ‘ತಿಳಿಸ್ತೀವಿ’ ಅಂದರು. ಇನ್ನೂ ತಿಳಿಸ್ತಾನೇ ಇದ್ದಾರೆ.

ರಿವೇರಾ ಬರೆದಿದ್ದು ವರ್ಗದ ಬಗ್ಗೆ, ಜಾತಿ ಬಗ್ಗೆ ಅಲ್ಲ. ಆದರೆ ‘ಮೆರಿಟ್’ ಅಂತ ಕೂಗುವವರ ಮುಂದೆ ಇಡೋಕೆ ಅವರ ಲೆಕ್ಕ ಸಾಕು. ಖಾಸಗಿ ಕಂಪನಿಗಳು ಯಾವ ಜಾತಿಯವರನ್ನು ಎಷ್ಟು ಜನ ತಗೊಂಡರು ಅಂತ ಪ್ರತಿ ವರ್ಷ ಬಹಿರಂಗಪಡಿಸಲಿ. ಖಾಸಗಿ ವಲಯದ ಮೀಸಲಾತಿ ಚರ್ಚೆ ಅಲ್ಲಿಂದ ಶುರುವಾಗಲಿ.

ನಿಮಗೂ ಇಂಟರ್‌ವ್ಯೂನಲ್ಲಿ ಅಪ್ಪನ ಕೆಲಸ, ಊರಿನ ಬೀದಿ ಕೇಳಿದ್ದರೆ ಕೆಳಗೆ ಬರೀರಿ. ಕಂಪನಿ ಹೆಸರು ಬೇಡ, ಪ್ರಶ್ನೆ ಬರೀರಿ ಸಾಕು. ಪಟ್ಟಿ ಮಾಡ್ತಾ ಇದ್ದೀನಿ.

ಜೈ ಭೀಮ್.