ಇಂಧನ ದಕ್ಷತೆ ಮತ್ತು ವಿದ್ಯುತ್ ಬಳಕೆ: ಒಂದು ಅವಲೋಕನ

ಕಡಬ ತಾಲ್ಲೂಕಿನ ಕೊಯಿಲದಂತಹ ಗ್ರಾಮಗಳಲ್ಲಿ ವಿದ್ಯುತ್ ಉಳಿಸುವ ಉಪಕರಣಗಳನ್ನು ಅಳವಡಿಸಿದ ನಂತರವೂ ಬಿಲ್ಲಿನ ಯೂನಿಟ್‌ಗಳು ನಿರೀಕ್ಷಿಸಿದಷ್ಟು ಇಳಿಯದಿರುವುದುಂಟು. ಇದಕ್ಕೆ ಮೀಟರಿನ ದೋಷವೇ ಕಾರಣವಾಗಬೇಕೆಂದಿಲ್ಲ.

75 ವ್ಯಾಟಿನ ಫ್ಯಾನು ದಿನಕ್ಕೆ 8 ಗಂಟೆ ತಿರುಗಿದರೆ ತಿಂಗಳಿಗೆ 18 ಯೂನಿಟ್ ವ್ಯಯವಾಗುತ್ತದೆ. 28 ವ್ಯಾಟಿನ ಬಿ.ಎಲ್.ಡಿ.ಸಿ. ಫ್ಯಾನಿಗೆ ಅಷ್ಟೇ ಅವಧಿಗೆ 6.72 ಯೂನಿಟ್ ಸಾಕು. ಆದರೆ ಖರ್ಚು ಕಡಿಮೆಯೆಂದು ಕರಾವಳಿಯ ಸೆಖೆಯಲ್ಲಿ ಅದನ್ನೇ 20 ಗಂಟೆ ನಡೆಸಿದಲ್ಲಿ 16.8 ಯೂನಿಟ್ ಆಗಿ, ಉಳಿತಾಯವು ಬಹುತೇಕ ಕರಗುತ್ತದೆ. ಸೆಖೆಗೆ ಗಾಳಿ ಬೇಕೆನ್ನುವುದು ತಪ್ಪಲ್ಲ. ಇಲ್ಲಿ ದೊರೆತದ್ದು ಸೌಖ್ಯವೇ ಹೊರತು ಉಳಿತಾಯವಲ್ಲ.

ದಕ್ಷ ಉಗಿಯಂತ್ರಗಳಿಂದ ಕಲ್ಲಿದ್ದಲಿನ ಒಟ್ಟು ಬಳಕೆ ಹೆಚ್ಚುತ್ತದೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ 1865ರಲ್ಲಿಯೇ ವಾದಿಸಿದ್ದರು. ಮನೆಬಳಕೆಯಲ್ಲಿ ಸಾಮಾನ್ಯವಾಗಿ ಉಳಿತಾಯದ ಒಂದು ಭಾಗ ಮಾತ್ರ ಹೀಗೆ ನಷ್ಟವಾಗುತ್ತದೆ.

ಗೃಹಜ್ಯೋತಿ ಅರ್ಜಿದಾರರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ. ಆದಕಾರಣ ಫ್ಯಾನಿನ ಉಳಿತಾಯವನ್ನು ನಂಬಿ ಎ.ಸಿ. ಖರೀದಿಸುವ ಮುನ್ನ ಕಳೆದ ಬೇಸಿಗೆಯ ಬಿಲ್ಲುಗಳನ್ನು ಪರಿಶೀಲಿಸುವುದು ಸೂಕ್ತ.