ಕಟ್ಟೆ ಇಲ್ಲದ ಮನೆ

"ಕೊನೀತನಕ ಮನ್ಯಾಗ ಇಟ್ಕಂಡು ನೋಡಿದ್ಲು ನೋಡ್ರಿ." ನಮ್ಮ ಕಡೆ ಒಬ್ಬ ಹೆಂಗಸಿಗೆ ಸಿಗುವ ಬಿರುದುಗಳಲ್ಲಿ ಇದು ದೊಡ್ಡದು. ಗಂಡನ ತಿಥಿಯೂಟದ ಪಂಕ್ತಿಯಲ್ಲಿ, ಅನ್ನದ ಮೇಲೆ ಸಾರು ಬೀಳುವ ಹೊತ್ತಿಗೆ, ಈ ಬಿರುದು ಪ್ರದಾನವಾಗುತ್ತದೆ. ಅದಕ್ಕೂ ಮುಂಚಿನ ಹತ್ತು ಹದಿನೈದು ವರ್ಷ ಆಕೆ ಏನು ಮಾಡುತ್ತಿದ್ದಳೆಂದು ವಿಚಾರಿಸಿದವರು ಆ ಪಂಕ್ತಿಯಲ್ಲಿ ಕಡಿಮೆ. ನಾನು ಹೇಳುತ್ತಿರುವುದು ಗಂಡನಿಗೆ ಪಾರ್ಕಿನ್ಸನ್ ಬಂದ ಮನೆಗಳ ಮಾತು, ಅದು ಅಷ್ಟು ನಿಧಾನದ ಕಾಯಿಲೆ. ಬಾಡಿಗೆಗೆ ಬಂದವರು ಮೊದಲು ಒಂದು ಕೋಣೆ ಹಿಡಿದು, ಆಮೇಲೆ ಅಡುಗೆಮನೆ, ಬಚ್ಚಲು, ಕೊನೆಗೆ ಯಜಮಾನರ ಮಂಚವನ್ನೂ ತಮ್ಮದೆಂದು ಮಾಡಿಕೊಂಡ ಹಾಗೆ ಅದು ಸಂಸಾರದೊಳಗೆ ಹರಡುತ್ತದೆ.

ಹೊಗಳಿಕೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಆ ಮಾತಿನೊಳಗಿನ 'ಮನೆ' ಎಂಬ ಪದದ ಮೇಲೆ. ಮನೆಯಲ್ಲಿ ನೋಡಿಕೊಂಡರು ಎನ್ನುತ್ತೇವೆ. ಯಾವ ಮನೆ, ಎಷ್ಟು ಜನರ ಮನೆ? ಬಿಡಿಸಿ ನೋಡಿದರೆ ಒಳಗೆ ಇರುವುದು ಒಬ್ಬಳೇ. ಅವಳಿಗೂ ಅರವತ್ತು ದಾಟಿರುತ್ತದೆ, ಮಂಡಿನೋವು ಇರುತ್ತದೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ನಡುಕದ ರೋಗದ ಮೇಲೆ ಬರೆದ ಪುಟ್ಟ ಪ್ರಬಂಧ ಆರೇ ಆರು ಜನರನ್ನು ಆಧರಿಸಿದ್ದು. ಅವರಲ್ಲಿ ಕೆಲವರನ್ನು ಆತ ಕಂಡದ್ದು ಬೀದಿಯಲ್ಲಿ. ಬೀದಿಯಲ್ಲಿ ಕಾಣುವುದನ್ನೆಲ್ಲ ಆತ ಚೆನ್ನಾಗಿಯೇ ಕಂಡ: ನಡುಗುವ ಕೈ, ಮುಂದಕ್ಕೆ ಬಾಗಿದ ಮೈ, ಓಡುವಂತಾಗುವ ಪುಟ್ಟ ಹೆಜ್ಜೆ. ಆದರೆ ಬುದ್ಧಿಗೂ ಇಂದ್ರಿಯಗಳಿಗೂ ಏನೂ ಆಗುವುದಿಲ್ಲ ಎಂದು ಬರೆದುಬಿಟ್ಟ. ಅದು ತಪ್ಪೆಂದು ಹೇಳಲು ಆ ಆರು ಜನರ ಮನೆಯವರನ್ನು ಯಾರೂ ಕರೆಯಲಿಲ್ಲ. ಎಷ್ಟೋ ರೋಗಿಗಳಿಗೆ ನಡುಕಕ್ಕಿಂತ ವರ್ಷಗಟ್ಟಲೆ ಮೊದಲೇ ವಾಸನೆ ಹೋಗಿರುತ್ತದೆ. ಒಗ್ಗರಣೆ ಸೀದರೂ ತಿಳಿಯುವುದಿಲ್ಲ. ಕನಸಿನಲ್ಲಿ ಯಾರೊಂದಿಗೋ ಜಗಳವಾಡುತ್ತಾ ಒದೆಯುತ್ತಾರೆ, ಒದೆ ತಿನ್ನುವವಳು ಪಕ್ಕದಲ್ಲಿ ಮಲಗಿದವಳು. ದನಿ ತಗ್ಗುತ್ತದೆ. ಅಕ್ಷರ ಇರುವೆಯ ಸಾಲಿನಂತೆ ಸಣ್ಣದಾಗುತ್ತಾ ಹೋಗಿ ಬ್ಯಾಂಕಿನಲ್ಲಿ ಸಹಿ ತಾಳೆಯಾಗುವುದಿಲ್ಲ.

ಇವೆಲ್ಲಕ್ಕಿಂತ ಕ್ರೂರವಾದದ್ದು ಮುಖದ ಸ್ನಾಯು ಬಿಗಿಯುವುದು. ನಗು, ಬೇಸರ, ಕೃತಜ್ಞತೆ ಯಾವುದೂ ಮುಖದ ಮೇಲೆ ಮೂಡದು. ನಲವತ್ತು ವರ್ಷದ ದಾಂಪತ್ಯ ನಡೆದಿರುವುದೇ ಮುಖ ಓದಿಕೊಂಡು. ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತೆಂಬುದನ್ನು ಹುಬ್ಬು ಹೇಳುತ್ತಿತ್ತು. ಈಗ ಆ ಪುಸ್ತಕವೇ ಮುಚ್ಚಿದೆ. "ಇಷ್ಟು ಮಾಡಿದ್ರೂ ಸಿಟ್ಟು ಹಿಡ್ಕಂಡು ಕುಂತಿರ್ತಾರ" ಎಂದು ಹೆಂಡತಿ ಗೊಣಗಿದರೆ ಅದು ಅನ್ಯಾಯದ ಗೊಣಗಾಟ, ಆದರೆ ಸಹಜವಾದದ್ದು. ಆ ಸಿಟ್ಟು ಮುಖದ್ದೇ ಹೊರತು ಮನಸ್ಸಿನದಲ್ಲ ಎಂದು ಒಂದು ಸಲ ಯಾರಾದರೂ ಹೇಳಿದ್ದರೆ ಎಷ್ಟೋ ಮನೆಗಳ ಸಂಜೆಗಳು ಬೇರೆ ರೀತಿ ಇರುತ್ತಿದ್ದವು. ಹೇಳುವವರಿಗೆ ಸಮಯವಿಲ್ಲ. ಹೊಸಪೇಟೆಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಬೆಳಗಾಗುವಾಗ ಬೆಂಗಳೂರಿನಲ್ಲಿಳಿದು, ನಿಮ್ಹಾನ್ಸ್‌ನ ಸಾಲಿನಲ್ಲಿ ನಿಂತು ಪಡೆಯುವ ಕೆಲವು ನಿಮಿಷಗಳಲ್ಲಿ ಮಾತ್ರೆಯ ಪ್ರಮಾಣ ನಿರ್ಧಾರವಾಗುತ್ತದೆ. ದಾಂಪತ್ಯದ ಮಾತು ಅಲ್ಲಿ ಹಿಡಿಸುವುದಿಲ್ಲ.

ಮಾತ್ರೆಯನ್ನೇ ತೆಗೆದುಕೊಳ್ಳಿ. ಮೆದುಳಿನ ಆಳದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಸಾಯುತ್ತಾ ಬರುವುದು ಈ ಕಾಯಿಲೆಯ ಮೂಲ. ಆ ಕೊರತೆಗೆ ಕೊಡುವುದು ಲೆವೊಡೋಪಾ. ಮೊದಮೊದಲು ದಿನಕ್ಕೆ ಮೂರು ಮಾತ್ರೆಯಲ್ಲಿ ಬದುಕು ನಡೆಯುತ್ತದೆ. ವರ್ಷಗಳು ಕಳೆದಂತೆ ಒಂದೊಂದು ಮಾತ್ರೆಯ ಬಲ ಬೇಗ ಬೇಗ ಇಳಿಯುತ್ತದೆ, ಮೂರು ನಾಲ್ಕು ಗಂಟೆಗೊಮ್ಮೆ ಕೊಡಬೇಕಾಗುತ್ತದೆ. ಬೇಳೆ, ಹಾಲು, ಮೊಟ್ಟೆಯ ಪ್ರೋಟೀನು ಅದೇ ದಾರಿಯಲ್ಲಿ ರಕ್ತಕ್ಕೆ ಹೋಗುವುದರಿಂದ ಊಟಕ್ಕೆ ಅರ್ಧ ಗಂಟೆ ಮೊದಲೇ ನುಂಗಿಸಬೇಕು. ಆರು ಗಂಟೆಯ ಮಾತ್ರೆ ಆರೂವರೆಗೆ ಆದರೆ ಬಚ್ಚಲಿಗೆ ಹೋಗಬೇಕಾದವರು ಮಂಚದ ಅಂಚಿನಲ್ಲೇ ಕುಳಿತಿರುತ್ತಾರೆ. ಜೋಳದ ರೊಟ್ಟಿ ಅಗಿಯಲು ಆಗದ ದಿನ ನುಚ್ಚು ಮಾಡಬೇಕು, ನೀರು ಗಂಟಲಿಗೆ ಅಡ್ಡವಾಗದಂತೆ ಗಲ್ಲ ತಗ್ಗಿಸಿ ಕುಡಿಸಬೇಕು. ಕುಳಿತವರು ದಡಕ್ಕನೆ ಎದ್ದರೆ ರಕ್ತದೊತ್ತಡ ಇಳಿದು ಬೀಳುತ್ತಾರೆ. ಎದ್ದ ಮೇಲೆ ಒಂದು ನಿಮಿಷ ನಿಲ್ಲಿಸಬೇಕು. ಇದೆಲ್ಲ ಆಸ್ಪತ್ರೆಯ ದಾದಿಯೊಬ್ಬಳ ಪಾಳಿಯ ಕೆಲಸ. ದಾದಿಗೆ ಪಾಳಿ ಮುಗಿಯುತ್ತದೆ.

ನಡುವೆ ನಸುಗುನ್ನಿಯ ಮಾತು ಬರುತ್ತದೆ. ಬೇಲಿಯಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ಆ ಬಳ್ಳಿಯ ಬೀಜವನ್ನು ಆಯುರ್ವೇದ ಕಂಪವಾತಕ್ಕೆ ಬಳಸಿದೆ. ಅದು ಬರೀ ನಂಬಿಕೆಯಲ್ಲ: 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಆ ಬೀಜದಿಂದಲೇ ಲೆವೊಡೋಪಾವನ್ನು ಬೇರ್ಪಡಿಸಿದರು. ಅದು ಪಾರ್ಕಿನ್ಸನ್ನಿಗೆ ಔಷಧಿಯೆಂದು ಜಗತ್ತಿಗೆ ಗೊತ್ತಾಗುವುದಕ್ಕೆ ಇನ್ನೂ ಎರಡು ದಶಕಗಳಿಗೂ ಹೆಚ್ಚು ಕಾಲ ಇತ್ತು. ಆದ್ದರಿಂದ ಪುಡಿ ಕೊಡುವವರನ್ನು ನೋಡಿ ನಾನು ನಗಲಾರೆ. ಪುಡಿಯನ್ನೂ ಮಾತ್ರೆಯನ್ನೂ ವೈದ್ಯರಿಗೆ ಹೇಳದೆ ಒಟ್ಟಿಗೆ ಕೊಟ್ಟಾಗ ಮಾತ್ರ ಅಪಾಯ. ಒಂದೇ ಮದ್ದು ಎರಡರಷ್ಟಾಗಿ ಮೈ ಹಾವಿನಂತೆ ಹೊರಳಾಡಲು ಶುರುವಾಗುತ್ತದೆ. ಆ ಪುಡಿ ತಂದುಕೊಡುವವರು ಹೆಚ್ಚಾಗಿ ವರ್ಷಕ್ಕೊಮ್ಮೆ ಬರುವ ನೆಂಟರು. ಹೊರಳಾಟ ನೋಡಲು ಅವರಿರುವುದಿಲ್ಲ.

ಇನ್ನು ಕಾಲು. "ನೆಲಕ್ಕ ಅಂಟಿಕೊಂಡಂಗ ಆಕ್ಕತಿ" ಎನ್ನುತ್ತಾರೆ ರೋಗಿಗಳು. ಬಾಗಿಲ ಹೊಸ್ತಿಲಲ್ಲಿ, ತಿರುವಿನಲ್ಲಿ, ನುಣ್ಣನೆಯ ಟೈಲ್ಸಿನ ಮೇಲೆ ಹೆಜ್ಜೆಯೇ ಏಳದು. ಅದೇ ಮನುಷ್ಯ ಮೆಟ್ಟಿಲು ಸಿಕ್ಕರೆ ಸರಸರ ಹತ್ತಿಬಿಡಬಹುದು. ತಾನಾಗಿ ಹೆಜ್ಜೆ ಹೊರಡಿಸುವ ಯಂತ್ರ ಮೆದುಳಿನಲ್ಲಿ ಕೆಟ್ಟಿರುತ್ತದೆ. ಕಣ್ಣೆದುರು ಗೆರೆಯೋ ಮೆಟ್ಟಿಲೋ ಇದ್ದರೆ ಮೆದುಳು ಬೇರೆ ದಾರಿ ಹಿಡಿದು ಕೆಲಸ ಸಾಧಿಸುತ್ತದೆ. ಹಂಪಿಯ ವಿರೂಪಾಕ್ಷ ದೇವಸ್ಥಾನದ ಅಂಗಳದ ಹಾಸುಗಲ್ಲುಗಳ ಸಂದು, ಬಜಾರಿನ ಸಾಲುಮಂಟಪಗಳ ಕಲ್ಲುನೆಲದ ಗೆರೆ ಅಂಥವರಿಗೆ ಊರುಗೋಲಿಗಿಂತ ಹೆಚ್ಚು. ಆದರೆ ನೋಡಿದವರು ಏನೆನ್ನುತ್ತಾರೆ? "ಗುಡಿ ಮೆಟ್ಲ ಹತ್ತಾಕ ಬರ್ತತಿ, ಬಚ್ಚಲಿಗೆ ಹೋಗಾಕ ಬರಂಗಿಲ್ಲ? ನಾಟಕ." ಬೇಸತ್ತ ದಿನ ಹೆಂಡತಿಗೂ ಹಾಗೇ ಅನಿಸುತ್ತದೆ. ರಾತ್ರಿ ಮಲಗಿದ ಮೇಲೆ ಹಾಗೆಂದುಕೊಂಡದ್ದಕ್ಕೆ ಅಳುತ್ತಾಳೆ. ಯಾರೂ ಕಲಿಸದೆ ಒಪ್ಪಿಸಿದ ಕೆಲಸದಲ್ಲಿ ತಪ್ಪುಗಳು ಪಾಪಗಳಾಗಿ ಕಾಣುತ್ತವೆ.

ಆರೈಕೆಯನ್ನು ಮಿಕ್ಕವರೊಂದಿಗೆ ಹಂಚಿಕೊಳ್ಳುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಬಾಣಂತನವನ್ನು ನೋಡಿ. ಅದಕ್ಕೊಂದು ಅವಧಿ ಉಂಟು, ತವರುಂಟು, ಎರೆಯಲು ಬರುವ ಅಜ್ಜಿ ಉಂಟು, ಅವಳಿಗೆ ಸೀರೆ ಮತ್ತು ಕೂಲಿ ಉಂಟು. ಖಾರ, ಕಷಾಯ, ಧೂಪ ಎಲ್ಲ ಗೊತ್ತಿರುವವರು ನಾಲ್ಕು ಜನ ಇರುತ್ತಾರೆ. "ಬಾಣಂತನ ನೀನೊಬ್ಬನೇ ಮಾಡಪ್ಪ, ಅದು ನಿನ್ನ ಧರ್ಮ" ಎಂದು ಯಾವ ಗಂಡನಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಅದನ್ನು ಕೆಲಸವೆಂದು ಒಪ್ಪಿಕೊಂಡದ್ದರಿಂದ ತಾಯಿಯ ಮೇಲಿನ ಪ್ರೀತಿ ಕಡಿಮೆಯಾಯಿತೇ? ಮುದಿಗಂಡನ ಕಾಯಿಲೆಗೆ ಮಾತ್ರ ನಾವು 'ಸೇವೆ' ಎಂಬ ಪದ ಎತ್ತಿಟ್ಟೆವು. ಸೇವೆಗೆ ಕೂಲಿ ಕೇಳುವಂತಿಲ್ಲ, ರಜೆ ಕೇಳುವಂತಿಲ್ಲ, ಸಾಕಾಯಿತು ಅನ್ನುವಂತಂತೂ ಇಲ್ಲವೇ ಇಲ್ಲ. ಕಾಯಿಲೆ ಬಿದ್ದವಳು ಹೆಂಡತಿಯಾದರೆ ಲೆಕ್ಕ ಬೇರೆ. ಗಂಡ ಒಂದು ಹೊತ್ತು ಅನ್ನ ಕಲಸಿ ತಿನ್ನಿಸಿದರೂ ಓಣಿಯೆಲ್ಲ ಅವನನ್ನು ದೇವರೆನ್ನುತ್ತದೆ, ಮತ್ತೆ ತಿಂಗಳೊಳಗೆ ಮಗಳೋ ಸೊಸೆಯೋ ಬಂದು ನಿಲ್ಲುತ್ತಾಳೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಯವರ ಆರೈಕೆಯಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಕೊಟ್ಟ ಹೊತ್ತು 134 ನಿಮಿಷ, ಗಂಡಸರು ಕೊಟ್ಟದ್ದು 76. ಅಡುಗೆ, ಕಸ, ಮುಸುರೆಯ ಲೆಕ್ಕ ಬೇರೆಯೇ ಇದೆ.

ಹಂಪಿ ಬಜಾರು ನನಗೆ ನೆನಪಾಗುವುದು ಬಾಣಂತನದಂತೆ ನಾಲ್ಕು ಜನ ಹಂಚಿಕೊಳ್ಳುವ ಆರೈಕೆಯ ಮಾತು ಬಂದಾಗ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ರಥಬೀದಿಯ ಮನೆಗಳನ್ನೂ ಯಾತ್ರಿಕರು ತಂಗುವ ಮೊಗಸಾಲೆಗಳನ್ನೂ ಬಣ್ಣಿಸಿದ್ದಾನೆ. ವಿಜಯನಗರ ಸಾಮ್ರಾಜ್ಯ ಹೋಯಿತು, ಬೀದಿಯಲ್ಲಿ ಜನ ಮತ್ತೆ ನೆಲೆ ನಿಂತರು. ಮಂಟಪದ ಕಂಬಗಳ ನಡುವೆ ಗೋಡೆ ಎತ್ತಿ, ಮುಂದೆ ಬಾಳೆಹಣ್ಣು, ತೆಂಗಿನಕಾಯಿ, ಪಟ, ಇಡ್ಲಿ ಮಾರಿದರು. 2011ರ ಜುಲೈ 29ರಂದು ಆಡಳಿತ ಆ ಮನೆ, ಅಂಗಡಿಗಳನ್ನು ಕೆಡವಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಅವರಿಗೆ ಜಾಗ ತೋರಿಸಿದ್ದು ಕಡ್ಡಿರಾಂಪುರದ ಬಳಿ. ಸ್ಮಾರಕ ಉಳಿಯಬೇಕೆಂಬ ವಾದ ಸುಳ್ಳಲ್ಲ, 1986ರಿಂದ ಇದು ವಿಶ್ವ ಪರಂಪರೆಯ ತಾಣ, ಕಂಬಗಳಿಗೆ ಸಿಮೆಂಟು ಮೆತ್ತಿದ್ದೂ ನಿಜ. ಆದರೆ ಪರಿಹಾರದ ಲೆಕ್ಕದಲ್ಲಿ ಬಂದದ್ದು ನಿವೇಶನದ ಅಳತೆ. ಯಾರ ಮನೆಯ ಪಕ್ಕ ಯಾರ ಮನೆ ಇತ್ತೆಂಬುದು ಯಾವ ಲೆಕ್ಕಕ್ಕೂ ಬರಲಿಲ್ಲ.

ಅಲ್ಲಿ ಅಂಗಡಿ ನಡೆಸುತ್ತಿದ್ದ ದಂಪತಿಗಳಲ್ಲಿ ಗಂಡನಿಗೆ ಕೈ ನಡುಗಲು ಶುರುವಾಗಿತ್ತೆಂದು ಊಹಿಸಿಕೊಳ್ಳಿ. ಬಜಾರಿನಲ್ಲಿ ಅವರು ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಎದುರಿನ ಹೂವಿನವಳು, ಪಕ್ಕದ ಪಟದ ಅಂಗಡಿಯ ಹುಡುಗ, ಗುಡಿಗೆ ಹೋಗಿಬರುವ ಅರ್ಚಕರು ಎಲ್ಲರ ಕಣ್ಣು ಅವರ ಮೇಲೆ. ಹೆಂಡತಿ ಹೊಳೆಗೆ ಹೋಗಿಬರಲು ಯಾರನ್ನೂ ಕೇಳಬೇಕಾಗಿರಲಿಲ್ಲ, ಎದ್ದು ಹೋದರಾಯಿತು. ಆ ನೋಟಕ್ಕೆ ಬೆಲೆ ಕಟ್ಟಿದವರಿಲ್ಲ, ಅದು ಉಪಕಾರವೂ ಆಗಿರಲಿಲ್ಲ. ಹೊಸ ಬಡಾವಣೆಯಲ್ಲಿ ಕಾಂಪೌಂಡು, ಗೇಟು, ಮುಚ್ಚಿದ ಬಾಗಿಲು. ಈಗ ಹತ್ತು ನಿಮಿಷ ಕೂರಲು ಯಾರನ್ನಾದರೂ ಕರೆಯಬೇಕು. ಕರೆದರೆ ಅದು ಋಣ.

ಕಟ್ಟೆಯನ್ನು ಹಾಡಿ ಹೊಗಳುವ ಉದ್ದೇಶ ನನಗಿಲ್ಲ. 'ನಾಟಕ' ಎಂಬ ತೀರ್ಪು ಹುಟ್ಟುವುದೂ ಅದೇ ಕಟ್ಟೆಯ ಮೇಲೆ. ಮಾಟ ಮಾಡಿಸಿದ್ದಾರೆ ಎನ್ನುವವರು, ಮುದುಕ ಕುಡಿದಿದ್ದಾನೆಂದು ನಗುವವರು, ಹೆಂಡತಿ ಎರಡು ದಿನ ತವರಿಗೆ ಹೋದರೆ ಲೆಕ್ಕ ಇಡುವವರು ಎಲ್ಲ ಅಲ್ಲೇ ಇರುತ್ತಾರೆ. ಒಂಟಿ ಬಾಗಿಲಿನ ಮನೆಯಲ್ಲಿ ಆ ಕಾಟವಿಲ್ಲ, ಅದೂ ಒಂದು ನೆಮ್ಮದಿಯೇ. ಆದರೂ ಇವೆರಡರಲ್ಲಿ ಆರಿಸು ಎಂದರೆ ನಾನು ಬಾಯಿಬಡುಕ ಕಟ್ಟೆಯನ್ನೇ ಆರಿಸುತ್ತೇನೆ. ಬೈಯುವವರು ಕಾಯಿಲೆಯ ಬಗ್ಗೆ ತಿಳಿದುಕೊಂಡರೆ ಬೈಗುಳ ನಿಲ್ಲಬಹುದು. ಖಾಲಿ ಅಂಗಳಕ್ಕೆ ಏನನ್ನು ತಿಳಿಸಿ ಹೇಳುವುದು?

ಸರ್ಕಾರಕ್ಕೆ ಈ ಆರೈಕೆಯ ಕೆಲಸ ಕಂಡಿಲ್ಲ ಎನ್ನುವಂತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಪಾರ್ಕಿನ್ಸನ್ ಸೇರಿದೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತೂ ಅದರಲ್ಲಿದೆ. ಕರ್ನಾಟಕದ 2024-25ರ ಬಜೆಟ್ಟು ಪಾರ್ಕಿನ್ಸನ್ ಸೇರಿದಂತೆ ಕೆಲವು ಕಾಯಿಲೆಗಳವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ದಿನಕ್ಕೆ ಮೂವತ್ತಮೂರು ರೂಪಾಯಿ. ಹೊಸಪೇಟೆಯಲ್ಲಿ ಒಂದು ಪ್ಲೇಟು ಮಂಡಕ್ಕಿ ಒಗ್ಗರಣೆಗೂ ಮೇಲೆರಡು ಮಿರ್ಚಿಗೂ ಸರಿಹೋದೀತು. ಅದನ್ನು ಹೀಯಾಳಿಸುವುದು ಸುಲಭ, ಆದರೆ ರಾಜ್ಯದ ಖಾತೆಯಲ್ಲಿ 'ನೋಡಿಕೊಳ್ಳುವವರು' ಎಂಬ ಕಾಲಂ ಮೂಡಿತಲ್ಲ, ಅಷ್ಟರಮಟ್ಟಿಗೆ ನಾನು ಅದನ್ನು ದೊಡ್ಡದೆಂದೇ ಎಣಿಸುತ್ತೇನೆ. ಕೊರತೆ ಇರುವುದು ಆ ಭತ್ಯೆಯಿಂದ ಕೊಳ್ಳಲಾಗದ ಕಡೆ. ಬಸುರಿ, ಬಾಣಂತಿ, ಕೂಸಿನ ಬಾಗಿಲಿಗೆ ಆಶಾ ಕಾರ್ಯಕರ್ತೆಯನ್ನು ಕಳಿಸಲು ಕಲಿತ ವ್ಯವಸ್ಥೆ ನಮ್ಮದು. ಅದೇ ಓಣಿಯ ಈ ಬಾಗಿಲಿಗೂ ವಾರಕ್ಕೆ ಎರಡು ಮಧ್ಯಾಹ್ನ, ಮಾತ್ರೆಯ ಹೊತ್ತು ಗೊತ್ತಿರುವ, ಎತ್ತಿ ಕೂರಿಸಲು ಕಲಿತ ಒಬ್ಬರು ಸಂಬಳ ಪಡೆದು ಬರುವಂತಾಗುವುದು ಅಸಾಧ್ಯವೇನಲ್ಲ. ಅವರು ಬಂದ ಆ ಹೊತ್ತು ಹೆಂಡತಿಯಾದವಳು ದಾದಿಯ ಕೆಲಸ ಬಿಟ್ಟು ಬರೀ ಹೆಂಡತಿಯಾಗಿ ಇರಬಹುದು. ಇಲ್ಲವೇ ಏನೂ ಆಗಿರದೆ, ಬಾಗಿಲು ಹಾಕಿ ಮಲಗಬಹುದು.

ಮಂಗಳೂರಿನಲ್ಲಿ ಹುಟ್ಟಿದ ರಾಜಕಾರಣಿ ಜಾರ್ಜ್ ಫರ್ನಾಂಡಿಸ್ ಆಲ್ಝೈಮರ್ ಮತ್ತು ಪಾರ್ಕಿನ್ಸನ್‌ಗಳಿಂದ ಹಾಸಿಗೆ ಹಿಡಿದಾಗ, 2010ರಲ್ಲಿ, ಅವರನ್ನು ನೋಡಿಕೊಳ್ಳುವ ಹಕ್ಕು ಯಾರದೆಂದು ದೆಹಲಿ ಹೈಕೋರ್ಟಿನಲ್ಲಿ ವ್ಯಾಜ್ಯ ನಡೆಯಿತು. ಒಂದು ಕಡೆ ಬಹಳ ವರ್ಷ ದೂರವಿದ್ದು ಮರಳಿದ ಪತ್ನಿ ಲೈಲಾ ಕಬೀರ್, ಇನ್ನೊಂದು ಕಡೆ ತಮ್ಮಂದಿರು. ಕೋರ್ಟು ಅವರನ್ನು ಪತ್ನಿಯ ಬಳಿ ಬಿಟ್ಟಿತು. ದೊಡ್ಡವರ ಮನೆಯ ಆ ಜಗಳದಲ್ಲಿ ಯಾರು ಸರಿಯೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ನನಗೆ ಸೋಜಿಗವಾಗುವುದು ಇಷ್ಟೇ: ಒಬ್ಬ ರೋಗಿಯನ್ನು ನೋಡಿಕೊಳ್ಳಲು ಇಷ್ಟು ಜನ ಪೈಪೋಟಿಗೆ ನಿಂತದ್ದನ್ನು ಕಂಪ್ಲಿಯಲ್ಲೋ ಸಂಡೂರಿನಲ್ಲೋ ಯಾರಾದರೂ ಕಂಡಿದ್ದೀರಾ? ನಮ್ಮಲ್ಲಿ ಆ ಹಕ್ಕನ್ನು ಎಲ್ಲರೂ ಔದಾರ್ಯದಿಂದ ಒಬ್ಬಳಿಗೇ ಬಿಟ್ಟುಕೊಡುತ್ತಾರೆ.

ಚಳಿಗಾಲದಲ್ಲಿ ಹಂಪಿಯಲ್ಲಿ ಫಲಪೂಜೆ ನಡೆಯುತ್ತದೆ, ಪಂಪೆಗೂ ವಿರೂಪಾಕ್ಷನಿಗೂ ನಿಶ್ಚಿತಾರ್ಥ. ಚೈತ್ರದಲ್ಲಿ ಕಲ್ಯಾಣ, ತೇರು. ದೇವರ ಮದುವೆ ವರ್ಷ ವರ್ಷವೂ ಹೊಸದಾಗುತ್ತದೆ, ಆ ದಂಪತಿಗಳಿಗೆ ಮುಪ್ಪಿಲ್ಲ. ತೇರು ನೋಡಲು ಹೊರಡುವವರ ಸದ್ದು ಬಡಾವಣೆಯ ಮನೆಯೊಳಕ್ಕೂ ಕೇಳುತ್ತದೆ. ಒಳಗೆ ಆ ಹೆಂಡತಿ ಅಂಗಡಿಯಿಂದ ತರಿಸಿದ ಹಳದಿ ಟೇಪಿನ ಸುರುಳಿ ಬಿಚ್ಚಿ, ಮಂಚದಿಂದ ಬಚ್ಚಲಿನವರೆಗೆ ಟೈಲ್ಸಿನ ಮೇಲೆ ಹೆಜ್ಜೆಗೊಂದರಂತೆ ಅಡ್ಡಗೆರೆ ಅಂಟಿಸುತ್ತಿದ್ದಾಳೆ. ಹದಿನಾಲ್ಕು ಗೆರೆ ಬೇಕಾದವು. ಮಂಟಪದ ಕಲ್ಲುನೆಲದಲ್ಲಿ ಅವು ಇದ್ದೇ ಇದ್ದವು.